ಟಾಕ್ಸಿಕ್ ಶಾಕ್ ಸಿಂಡ್ರೋಮ್ ಬರೀ ಮುಟ್ಟಿನ ಕಾಯಿಲೆಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಯೋನಿಯೊಳಗಿಟ್ಟು ಮುಟ್ಟಿನ ರಕ್ತವನ್ನು ಸಂಗ್ರಹಿಸುವ ಮುಟ್ಟಿನ ಕಪ್ ಬಳಕೆಯ ಕುರಿತು ಹುಬ್ಬಳ್ಳಿ-ಧಾರವಾಡದ ಮಹಿಳಾ ಕಾಲೇಜುಗಳಲ್ಲಿಯೂ ಸ್ವಸಹಾಯ ಸಂಘಗಳ ಸಭೆಗಳಲ್ಲಿಯೂ ಈಚೆಗೆ ಮುಕ್ತವಾಗಿ ಚರ್ಚೆ ನಡೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಅದರ ಬೆನ್ನಿಗೇ, ಕಪ್ ಹಾಕಿಕೊಂಡವರಿಗೆ ಟಾಕ್ಸಿಕ್ ಶಾಕ್ (ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಇಳಿದು ರಕ್ತದೊತ್ತಡ ಕುಸಿಯುವ ರೋಗ) ಬಂದು ಎರಡೇ ದಿನಗಳಲ್ಲಿ ಪ್ರಾಣ ಹೋಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳೂ ಓಡಾಡುತ್ತಿವೆ. ಇನ್ನೊಂದು ಕಡೆ, ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಇದೇ ರೋಗವನ್ನು ‘ಮುಟ್ಟಿನ ದಿನಗಳ ಅಶುಚಿತ್ವದಿಂದ ಬರುವ ಕಾಯಿಲೆ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವುದನ್ನು ನೋಡುತ್ತಿದ್ದೇನೆ. ಸೂಕ್ಷ್ಮಜೀವಿಶಾಸ್ತ್ರವನ್ನು ಬಹುಕಾಲ ಪಾಠ ಮಾಡಿದವಳಾಗಿ ಹೇಳುವುದಾದರೆ, ಮೊದಲನೆಯದು ಅತಿರೇಕ, ಎರಡನೆಯದು ತಪ್ಪು. ಇವೆರಡರ ನಡುವೆ ನಮ್ಮ ಭಾಗದ ಜನರಿಗೆ ನಿಜವಾಗಿ ತಿಳಿಯಬೇಕಾದ ವಿಷಯವೇ ಮರೆಯಾಗುತ್ತಿದೆ. ಈ ರೋಗ ಗಂಡಸರಿಗೂ ಬರುತ್ತದೆ, ಸುಟ್ಟ ಗಾಯವಾದ ಕೂಸಿಗೂ ಬರುತ್ತದೆ, ಹೆರಿಗೆಯಾದ ಬಾಣಂತಿಗೂ ಬರುತ್ತದೆ. ಅಲ್ಲೆಲ್ಲ ಅದನ್ನು ಗುರುತಿಸುವವರು ಮಾತ್ರ ಕಡಿಮೆ.

ರೋಗದ ಮೂಲದಲ್ಲಿರುವುದು ಬಹುತೇಕ ಸಂದರ್ಭಗಳಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಇದು ಎಲ್ಲಿಂದಲೋ ಬಂದ ಅಪರೂಪದ ಜೀವಿಯೇನಲ್ಲ. ಆರೋಗ್ಯವಂತರಾದ ನೂರು ಜನರನ್ನು ಪರೀಕ್ಷಿಸಿದರೆ ಅವರಲ್ಲಿ ಇಪ್ಪತ್ತು ಮೂವತ್ತು ಜನರ ಮೂಗಿನಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಕುರು, ಕೀವುಗುಳ್ಳೆಗಳಿಗೆ ಕಾರಣವಾಗುವುದೂ ಇದೇ. ಇದರ ಕೆಲವು ತಳಿಗಳು ಮಾತ್ರ ಟಿಎಸ್‌ಎಸ್‌ಟಿ-1 ಎಂಬ ವಿಷವನ್ನು, ಇಲ್ಲವೆ ಅದೇ ಗುಂಪಿನ ಎಂಟರೊಟಾಕ್ಸಿನ್‌ಗಳನ್ನು ತಯಾರಿಸುತ್ತವೆ. (ಮದುವೆ ಊಟ ಮಾಡಿ ಬಂದವರೆಲ್ಲ ಮೂರು ನಾಲ್ಕು ತಾಸಿನಲ್ಲಿ ವಾಂತಿ ಮಾಡಿಕೊಳ್ಳುವುದಕ್ಕೆ ಎಷ್ಟೋ ಸಲ ಕಾರಣವಾಗುವುದು ಈ ಎಂಟರೊಟಾಕ್ಸಿನ್‌ಗಳೇ.) ಟಾಕ್ಸಿಕ್ ಶಾಕ್‌ನಲ್ಲಿ ಬ್ಯಾಕ್ಟೀರಿಯಾ ತಾನಿದ್ದ ಜಾಗದಲ್ಲಿಯೇ ಇರುತ್ತದೆ, ರಕ್ತಕ್ಕೆ ಇಳಿಯುವುದು ಅದರ ವಿಷ ಮಾತ್ರ. ಆದ್ದರಿಂದಲೇ ಸ್ಟ್ಯಾಫಿಲೊಕಾಕಸ್‌ನಿಂದ ಬಂದ ಟಾಕ್ಸಿಕ್ ಶಾಕ್‌ನಲ್ಲಿ ರಕ್ತವನ್ನು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಏನೂ ಬೆಳೆಯುವುದಿಲ್ಲ. ರಿಪೋರ್ಟ್ ಸ್ವಚ್ಛವಾಗಿದೆ ಎಂದು ನೆಮ್ಮದಿಪಟ್ಟುಕೊಳ್ಳುವಂತಿಲ್ಲ.

ಆ ವಿಷ ಮಾಡುವ ಕೆಲಸವನ್ನು ತಿಳಿದುಕೊಂಡರೆ ರೋಗದ ವೇಗವೂ ಅರ್ಥವಾಗುತ್ತದೆ. ಸಾಮಾನ್ಯವಾಗಿ ಹೊರಗಿನ ವಸ್ತುವೊಂದು ದೇಹವನ್ನು ಹೊಕ್ಕಾಗ ಅದನ್ನು ಗುರುತಿಸಬಲ್ಲ ಕೆಲವೇ ಟಿ-ಕೋಶಗಳು (ರೋಗದೊಡನೆ ಹೋರಾಡುವ ರಕ್ತದ ಬಿಳಿ ಕಣಗಳು), ಅಂದರೆ ಹತ್ತು ಸಾವಿರಕ್ಕೆ ಒಂದರ ಲೆಕ್ಕದಲ್ಲಿ, ಎಚ್ಚರಗೊಳ್ಳುತ್ತವೆ. ಸೂಪರ್ ಆ್ಯಂಟಿಜೆನ್ ಎಂದು ಕರೆಯಲಾಗುವ ಈ ವಿಷವು ಆ ಗುರುತಿನ ವ್ಯವಸ್ಥೆಯನ್ನೇ ಬದಿಗೆ ಸರಿಸಿ, ಟಿ-ಕೋಶಗಳಲ್ಲಿ ಐದನೆಯ ಒಂದು ಭಾಗದಷ್ಟನ್ನು ಒಮ್ಮೆಲೇ ಕೆರಳಿಸಬಲ್ಲದು. ಒಂದು ಮನೆಗೆ ಕಳ್ಳ ನುಗ್ಗಿದನೆಂದು ಇಡೀ ಊರೇ ಬಡಿಗೆ ಹಿಡಿದು ಕತ್ತಲಲ್ಲಿ ಆ ಓಣಿಗೆ ನುಗ್ಗಿದರೆ ಕಳ್ಳನಿಗಿಂತ ಮನೆಯವರಿಗೇ ಹೆಚ್ಚು ಪೆಟ್ಟು ಬೀಳುವಂತೆ, ಕೆರಳಿದ ಕೋಶಗಳು ಸುರಿಸುವ ರಾಸಾಯನಿಕಗಳಿಂದ ರಕ್ತನಾಳಗಳು ಸಡಿಲಾಗಿ ಸೋರತೊಡಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳು ಒಂದರ ಹಿಂದೊಂದು ಸೋಲುತ್ತವೆ. ಬೆಳಿಗ್ಗೆ ಕೆಲಸಕ್ಕೆ ಹೋಗಿದ್ದವರು ರಾತ್ರಿ ತೀವ್ರ ನಿಗಾ ಘಟಕದಲ್ಲಿರುವುದು ಇದೇ ಕಾರಣಕ್ಕೆ.

ಇಷ್ಟು ಭಯಂಕರವಾದ ವಿಷವಿದ್ದೂ ರೋಗ ಏಕೆ ಅಪರೂಪವೆಂದರೆ, ಬಹುತೇಕ ಜನರ ದೇಹದಲ್ಲಿ ಪ್ರಾಯಕ್ಕೆ ಬರುವ ವೇಳೆಗೆ ಟಿಎಸ್‌ಎಸ್‌ಟಿ-1ರ ವಿರುದ್ಧ ಪ್ರತಿಕಾಯಗಳು (ವಿಷವನ್ನು ತಡೆಯುವ ಆ್ಯಂಟಿಬಾಡಿಗಳು) ತಾವಾಗಿಯೇ ಬೆಳೆದಿರುತ್ತವೆ. ವಿಷ ತಯಾರಿಸುವ ತಳಿ, ಅದು ವಿಷ ತಯಾರಿಸಲು ಅನುಕೂಲವಾದ ಜಾಗ, ಪ್ರತಿಕಾಯವಿಲ್ಲದ ದೇಹ, ಈ ಮೂರೂ ಒಟ್ಟಿಗೆ ಕೂಡಿದಾಗ ಮಾತ್ರ ಅಪಾಯ. ಪ್ರತಿಕಾಯಗಳು ಇನ್ನೂ ಬೆಳೆಯದ ಮಕ್ಕಳು ಮತ್ತು ಹರೆಯದವರು ಈ ರೋಗಕ್ಕೆ ಹೆಚ್ಚಾಗಿ ತುತ್ತಾಗುವುದು ಇದರಿಂದಲೇ.

ಹಾಗಾದರೆ ಇದಕ್ಕೆ ಮುಟ್ಟಿನ ಹೆಸರು ಅಂಟಿಕೊಂಡದ್ದು ಹೇಗೆ? 1978ರಲ್ಲಿ ಅಮೆರಿಕದ ಡೆನ್ವರ್ ನಗರದ ಮಕ್ಕಳ ವೈದ್ಯ ಜೇಮ್ಸ್ ಟಾಡ್ ಮತ್ತು ಅವರ ಸಹೋದ್ಯೋಗಿಗಳು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಈ ರೋಗಕ್ಕೆ ಮೊದಲ ಬಾರಿಗೆ ಹೆಸರಿಟ್ಟಾಗ ಅವರ ಮುಂದಿದ್ದವರು 8ರಿಂದ 17 ವರ್ಷದೊಳಗಿನ ಏಳು ಮಕ್ಕಳು. ಅವರಲ್ಲಿ ಹುಡುಗರೂ ಇದ್ದರು. ಎರಡೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 1980ರಲ್ಲಿ ಅಮೆರಿಕದಲ್ಲಿ ನೂರಾರು ಯುವತಿಯರು ಮುಟ್ಟಿನ ದಿನಗಳಲ್ಲಿ ಈ ರೋಗಕ್ಕೆ ಗುರಿಯಾದರು, ಹಲವರು ಸತ್ತರು. ತನಿಖೆ ನಡೆಸಿದಾಗ ಅವರಲ್ಲಿ ಬಹುಪಾಲು ಜನ ಯೋನಿಯೊಳಗೆ ಇಟ್ಟುಕೊಳ್ಳುವ ಟ್ಯಾಂಪನ್ ಬಳಸಿದ್ದರೆಂದೂ, ಅದರಲ್ಲಿಯೂ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ‘ರಿಲೈ’ ಎಂಬ ಅತಿ ಹೀರುವ ಟ್ಯಾಂಪನ್ ಬಳಸಿದವರೇ ಹೆಚ್ಚೆಂದೂ ಕಂಡುಬಂತು. ಪಾಲಿಯೆಸ್ಟರ್ ಫೋಮ್ ಮತ್ತು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ತುಂಬಿದ್ದ ಆ ಟ್ಯಾಂಪನ್ ಅನ್ನು ಕಂಪನಿಯು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಯೋನಿಯೊಳಗೆ ಸಾಮಾನ್ಯವಾಗಿ ಆಮ್ಲಜನಕ ತೀರ ಕಡಿಮೆ, ಆಮ್ಲೀಯತೆ ಹೆಚ್ಚು. ಈ ಬ್ಯಾಕ್ಟೀರಿಯಾ ವಿಷ ತಯಾರಿಸಲು ಅದು ಒಗ್ಗುವ ಜಾಗವಲ್ಲ. ಮುಟ್ಟಿನ ರಕ್ತ ಆ ಆಮ್ಲೀಯತೆಯನ್ನು ತಗ್ಗಿಸುತ್ತದೆ, ಟ್ಯಾಂಪನ್ ತನ್ನ ಎಳೆಗಳ ನಡುವೆ ಗಾಳಿಯನ್ನು ಒಳಗೆ ಒಯ್ಯುತ್ತದೆ. ಟ್ಯಾಂಪನ್ ಎಷ್ಟು ಹೆಚ್ಚು ಹೀರುತ್ತದೆಯೋ ಅಪಾಯವೂ ಅಷ್ಟು ಹೆಚ್ಚು ಎಂಬುದು ಮುಂದೆ ಖಚಿತವಾದ ಮೇಲೆ, ಹೀರುವ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸುವ ನಿಯಮ ಬಂತು, ರೋಗಿಗಳ ಸಂಖ್ಯೆ ಇಳಿಯಿತು. ಇಂದು ಅಲ್ಲಿ ವರದಿಯಾಗುವ ಸ್ಟ್ಯಾಫಿಲೊಕಾಕಸ್ ಟಾಕ್ಸಿಕ್ ಶಾಕ್ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಟ್ಟಿನ ಸಂಬಂಧವೇ ಇಲ್ಲ. ಆದರೂ 1980ರ ಸುದ್ದಿಯೇ ಜಗತ್ತಿನ ನೆನಪಿನಲ್ಲಿ ಉಳಿದುಕೊಂಡಿತು. ಟ್ಯಾಂಪನ್ ಬಳಕೆ ಇಲ್ಲವೆನ್ನುವಷ್ಟು ಕಡಿಮೆಯಿರುವ ನಮ್ಮ ಜಿಲ್ಲೆಗಳಿಗೂ ಅದೇ ನೆನಪು ಆಮದಾಯಿತು.

ಕಪ್ ವಿಚಾರಕ್ಕೆ ಬರುತ್ತೇನೆ. ಕಪ್ ಬಳಸಿದವರಲ್ಲಿ ಈ ರೋಗ ಬಂದ ಉದಾಹರಣೆಗಳಿವೆ. ಅದನ್ನು ಮುಚ್ಚಿಡುವುದು ಸಲ್ಲದು. 2019ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಅಲ್ಲಿಯವರೆಗಿನ 43 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಕಪ್‌ಗೆ ಸಂಬಂಧಿಸಿದ ಐದು ಟಾಕ್ಸಿಕ್ ಶಾಕ್ ಪ್ರಕರಣಗಳನ್ನು ದಾಖಲಿಸಿ, ಒಟ್ಟಾರೆಯಾಗಿ ಕಪ್ ಸುರಕ್ಷಿತವೆಂದೇ ಹೇಳಿತು. ಕಪ್ ಹೀರುವುದಿಲ್ಲ, ಸಂಗ್ರಹಿಸುತ್ತದೆ. ಆದರೆ ಸಂಗ್ರಹವಾದದ್ದನ್ನು ದಿನಗಟ್ಟಲೆ ಒಳಗೇ ಬಿಡುವಂತಿಲ್ಲ. ಪೊಟ್ಟಣದ ಮೇಲೆ ಬರೆದಿರುವ ಅವಧಿಯನ್ನು, ಎಂಥ ಸಂದರ್ಭದಲ್ಲಿಯೂ ಹನ್ನೆರಡು ತಾಸನ್ನು ಮೀರದೆ ಅದನ್ನು ತೆಗೆದು ತೊಳೆಯಬೇಕು, ಹಾಕುವ ಮುಂಚೆಯೂ ತೆಗೆಯುವ ಮುಂಚೆಯೂ ಕೈಗಳನ್ನು ಸೋಪಿನಿಂದ ತೊಳೆಯಬೇಕು, ಮುಟ್ಟು ನಿಂತ ಮೇಲೆ ಕುದಿಯುವ ನೀರಿನಲ್ಲಿ ಹಾಕಿ ಒಣಗಿಸಿಡಬೇಕು. ಟ್ಯಾಂಪನ್‌ಗೆ ಈ ಮಿತಿ ನಾಲ್ಕರಿಂದ ಎಂಟು ತಾಸು. ಒಮ್ಮೆ ಟಾಕ್ಸಿಕ್ ಶಾಕ್ ಬಂದು ಬದುಕಿದವರು ಮಾತ್ರ ಎರಡನ್ನೂ ಬಳಸಬಾರದು, ಏಕೆಂದರೆ ಈ ರೋಗ ಮರುಕಳಿಸುವ ಸ್ವಭಾವದ್ದು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಬಟ್ಟೆ ಮತ್ತು ಪ್ಯಾಡ್ ದೇಹದ ಹೊರಗೇ ಇರುವಂಥವು. ಬಟ್ಟೆಯನ್ನು ಸರಿಯಾಗಿ ತೊಳೆದು ಬಿಸಿಲಿಗೆ ಒಣಗಿಸದಿದ್ದರೆ ತುರಿಕೆ, ಚರ್ಮದ ಸೋಂಕುಗಳು ಬರಬಹುದು. ಟಾಕ್ಸಿಕ್ ಶಾಕ್‌ನ ಬಾಬತ್ತಿನಲ್ಲಿ ಅದನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಲು ಆಧಾರವಿಲ್ಲ. ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲಿ, ಬಾಗಿಲಿಗೆ ಚಿಲಕವಿಲ್ಲದ ಶಾಲಾ ಶೌಚಾಲಯದಲ್ಲಿ ಕಪ್ ತೊಳೆಯುವುದೆಲ್ಲಿ ಎಂಬುದು ವಿಷದ ಭಯಕ್ಕಿಂತ ದೊಡ್ಡ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ಅದು ಪ್ರತ್ಯೇಕ ಪತ್ರಕ್ಕೆ ತಕ್ಕ ವಿಷಯ.

ನಮ್ಮ ಭಾಗದಲ್ಲಿ ಹೆಚ್ಚು ಲಕ್ಷ್ಯ ಕೊಡಬೇಕಾದದ್ದು ಮಕ್ಕಳ ಸುಟ್ಟ ಗಾಯಗಳಿಗೆ. ಬಚ್ಚಲಿನ ಹಂಡೆಯ ಕುದಿನೀರು, ನೆಲದ ಮೇಲಿನ ಒಲೆ, ಕೈಗೆ ಎಟಕುವ ಕಟ್ಟೆಯಂಚಿನಲ್ಲಿಟ್ಟ ಚಹಾದ ಕಪ್ಪು, ಇವುಗಳಿಂದ ಅಂಬೆಗಾಲಿಡುವ ಮಕ್ಕಳು ಮೈ ಸುಟ್ಟುಕೊಳ್ಳುವುದು ಗದಗ, ಹಾವೇರಿಯ ಯಾವ ಹಳ್ಳಿಗೆ ಹೋದರೂ ಕೇಳಿಬರುವ ಸಂಗತಿ. ದೊಡ್ಡ ಗಾಯವಾದರೆ ತಂದೆತಾಯಿ ಹೆದರಿ ಹುಬ್ಬಳ್ಳಿಗೆ ಓಡಿ ಬರುತ್ತಾರೆ. ಅಂಗೈಯಗಲದ ಗಾಯವಾದರೆ ಟೂತ್‌ಪೇಸ್ಟೋ ಅರಿಶಿನವೋ ಹಚ್ಚಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಟಾಕ್ಸಿಕ್ ಶಾಕ್ ಬರುವುದು ಇಂಥ ಸಣ್ಣ ಗಾಯಗಳಲ್ಲಿಯೇ, ಮೈಯ ನೂರಕ್ಕೆ ಹತ್ತು ಭಾಗಕ್ಕಿಂತಲೂ ಕಡಿಮೆ ಸುಟ್ಟ ಪುಟ್ಟ ಮಕ್ಕಳಲ್ಲಿ. ಅದೂ ಸುಟ್ಟ ದಿನವಲ್ಲ, ಎರಡರಿಂದ ನಾಲ್ಕು ದಿನಗಳಾದ ಮೇಲೆ. ಮಗುವಿಗೆ ಜ್ವರ ಏರುತ್ತದೆ, ವಾಂತಿ ಭೇದಿ ಶುರುವಾಗುತ್ತದೆ, ಮೈ ಕೆಂಪೇರಬಹುದು, ಮಗು ಮಂಕಾಗಿ ಮಲಗಿಬಿಡುತ್ತದೆ. ಗಾಯ ಮಾತ್ರ ನೋಡಲು ಶುಭ್ರವಾಗಿರುತ್ತದೆ; ಕೀವಿಲ್ಲ, ಬಾವಿಲ್ಲ. ತಾಯಿಯಾದವಳಿಗೆ ಜ್ವರಕ್ಕೂ ಗಾಯಕ್ಕೂ ಸಂಬಂಧವಿದೆಯೆಂದು ಹೊಳೆಯುವುದಾದರೂ ಹೇಗೆ? ಅವಳು ಹಲ್ಲು ಬರುವ ಭೇದಿಯೆಂದು ಭಾವಿಸಿ ಓಆರ್‌ಎಸ್ ಕುಡಿಸುತ್ತಾಳೆ, ವೈದ್ಯರ ಬಳಿ ಹೋದಾಗಲೂ ಬಟ್ಟೆಯೊಳಗಿನ ಗಾಯದ ಮಾತು ತೆಗೆಯುವುದಿಲ್ಲ. ಆದ್ದರಿಂದ ಆಶಾ ಕಾರ್ಯಕರ್ತೆಯರು ಹಾಗೂ ಅಂಗನವಾಡಿ ಶಿಕ್ಷಕಿಯರು ತಾಯಂದಿರಿಗೆ ಹೇಳಬೇಕಾದದ್ದು ಇಷ್ಟು: ಸುಟ್ಟ ಕೂಡಲೇ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ, ಬೇರೆ ಏನನ್ನೂ ಹಚ್ಚಬೇಡಿ, ಆ ಬಳಿಕ ಒಂದು ವಾರದೊಳಗೆ ಮಗುವಿಗೆ ಜ್ವರದೊಡನೆ ವಾಂತಿಭೇದಿಯಾಗಲಿ ಮಂಕಾಗಲಿ ಕಂಡರೆ ಗಾಯ ಎಷ್ಟೇ ಚಿಕ್ಕದಿರಲಿ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ, ಸುಟ್ಟ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.

ಶಸ್ತ್ರಚಿಕಿತ್ಸೆಯ ಗಾಯದಲ್ಲಿಯೂ, ಮೂಗಿನಿಂದ ರಕ್ತ ಸುರಿಯುವಾಗ ಒಳಗೆ ತುರುಕುವ ಗಾಜ್ ಬಟ್ಟೆಯಲ್ಲಿಯೂ ಇದೇ ಕತೆ.

ಟಾಕ್ಸಿಕ್ ಶಾಕ್‌ಗೆ ಕಾರಣವಾಗುವ ಎರಡನೆಯ ಬ್ಯಾಕ್ಟೀರಿಯಾ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್. ಮಕ್ಕಳ ಗಂಟಲುನೋವಿಗೆ ಕಾರಣವಾಗುವ ಇದೇ ಜೀವಿ ಗಾಯದ ಮೂಲಕ ಮಾಂಸದೊಳಕ್ಕೆ ಇಳಿದರೆ ಅಥವಾ ಹೆರಿಗೆಯ ನಂತರ ಗರ್ಭಕೋಶವನ್ನು ಹೊಕ್ಕರೆ ಇನ್ನೂ ಘೋರ. ಚಿಕಿತ್ಸೆ ದೊರೆತರೂ ಮೂರರಲ್ಲಿ ಒಬ್ಬರು, ಕೆಲವೆಡೆ ಅದಕ್ಕಿಂತ ಹೆಚ್ಚು ಜನ ಉಳಿಯುವುದಿಲ್ಲ. 2024ರ ಬೇಸಿಗೆಯಲ್ಲಿ ಜಪಾನಿನಲ್ಲಿ ಈ ಬಗೆಯ ರೋಗಿಗಳು ಹಿಂದಿನ ಇಡೀ ವರ್ಷದ ಸಂಖ್ಯೆಯನ್ನು ಆರು ತಿಂಗಳೊಳಗೇ ಮೀರಿದಾಗ ‘ಮಾಂಸ ತಿನ್ನುವ ಬ್ಯಾಕ್ಟೀರಿಯಾ’ ಎಂದು ಕನ್ನಡದಲ್ಲಿಯೂ ದೊಡ್ಡ ಸುದ್ದಿಯಾಯಿತು, ಅದೇನೋ ಜಪಾನಿನಲ್ಲೇ ಹುಟ್ಟಿದ ಹೊಸ ರೋಗವೆಂಬಂತೆ. ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ 1847ರಲ್ಲಿ ಸಹೋದ್ಯೋಗಿಗಳಿಂದ ಕೈ ತೊಳೆಸಿ ತಗ್ಗಿಸಿದ ಬಾಣಂತಿ ಜ್ವರದ ಹಿಂದಿದ್ದದ್ದೂ ಬಹುಮಟ್ಟಿಗೆ ಈ ಸ್ಟ್ರೆಪ್ಟೊಕಾಕಸ್ಸೇ. ಇದರ ಮೊದಲ ಸೂಚನೆ ನೋವು. ಕುಡುಗೋಲು ತಾಗಿದ ಬೆರಳು, ಜಾಲಿಮುಳ್ಳು ಚುಚ್ಚಿದ ಪಾದ ಹೊರಗೆ ನೋಡಲು ಏನೂ ಆಗದಂತಿದ್ದು, ನೋವು ಮಾತ್ರ ತಾಳಲಾರದಷ್ಟು ಏರುತ್ತಿದ್ದರೆ, ಜೊತೆಗೆ ಜ್ವರವಿದ್ದರೆ, ಔಷಧದಂಗಡಿಯ ನೋವಿನ ಗುಳಿಗೆ ನುಂಗಿ ಮತ್ತೆ ಹತ್ತಿ ಬಿಡಿಸಲು ಹೋಗುವುದು ಜೀವಕ್ಕೇ ಎರವಾಗಬಹುದು. ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್ ಎದ್ದ ಮಕ್ಕಳಲ್ಲಿ ಜ್ವರ ಇಳಿದು ಮತ್ತೆ ಏರಿದರೂ ಈ ಸಂಶಯ ಬರಬೇಕು.

ಲಸಿಕೆಯ ಸಂಗತಿಯನ್ನೂ ಹೇಳಬೇಕು. ಇದರಿಂದ ಲಸಿಕೆಯ ಮೇಲೆಯೇ ಅನುಮಾನ ಹುಟ್ಟಬಾರದೆಂದು ಬಿಡಿಸಿ ಹೇಳುತ್ತೇನೆ. ದಡಾರ-ರುಬೆಲ್ಲಾ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ತಡೆಯುವ ಸಂರಕ್ಷಕ ಇರುವುದಿಲ್ಲ. ದ್ರಾವಣ ಬೆರೆಸಿದ ಸೀಸೆಯನ್ನು ನಾಲ್ಕು ತಾಸಿನೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕೆಂಬ ನಿಯಮ ಇರುವುದು ಸ್ಟ್ಯಾಫಿಲೊಕಾಕಸ್ ಅದರಲ್ಲಿ ಬೆಳೆದು ಮಗುವಿಗೆ ಟಾಕ್ಸಿಕ್ ಶಾಕ್ ಆಗದಿರಲೆಂದೇ. 2017ರಲ್ಲಿ ದಕ್ಷಿಣ ಸುಡಾನಿನ ಒಂದು ಹಳ್ಳಿಯಲ್ಲಿ ಲಸಿಕೆಯನ್ನು ತಣ್ಣಗೆ ಇಡದೆ, ಒಂದೇ ಸಿರಿಂಜನ್ನು ನಾಲ್ಕು ದಿನ ಬಳಸಿದ್ದರಿಂದ ಐದು ವರ್ಷದೊಳಗಿನ 15 ಮಕ್ಕಳು ತೀವ್ರ ಸೋಂಕು ಮತ್ತು ವಿಷದಿಂದ ಸತ್ತರು. ತಪ್ಪು ಲಸಿಕೆಯದಾಗಿರಲಿಲ್ಲ, ಅದನ್ನು ಬಳಸಿದ ರೀತಿಯದಾಗಿತ್ತು. ನಮ್ಮ ಉಪಕೇಂದ್ರಗಳ ಸಿಸ್ಟರ್‌ಗಳು ಸೀಸೆಯ ಮೇಲೆ ಬೆರೆಸಿದ ಸಮಯವನ್ನು ಬರೆದು, ಅರ್ಧ ಉಳಿದಿದ್ದರೂ ಎಸೆಯುವುದನ್ನು ನೋಡಿ ‘ಸರಕಾರದ ಔಷಧ ಹಾಳು ಮಾಡುತ್ತಾರೆ’ ಎಂದು ಗೊಣಗುವ ಜನರಿದ್ದಾರೆ. ಆ ಹಾಳು ಆಗಲೇಬೇಕಾದದ್ದು.

ರೋಗವನ್ನು ಗುರುತಿಸುವಲ್ಲಿ ನಮಗೆ ಎರಡು ತೊಡಕುಗಳಿವೆ. 102 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚಿನ ಜ್ವರ, ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗಿಳಿಯುವುದು, ವಾಂತಿಭೇದಿ, ಮೈಕೈ ನೋವು, ಪ್ಲೇಟ್‌ಲೆಟ್ ಕುಸಿತ, ಮೈಮೇಲೆ ಕೆಂಪು, ಇವು ಟಾಕ್ಸಿಕ್ ಶಾಕ್‌ನ ಲಕ್ಷಣಗಳು. ಮಳೆಗಾಲದಲ್ಲಿ ಇವನ್ನು ಕಂಡ ಯಾವ ವೈದ್ಯರಿಗಾದರೂ ಮೊದಲು ನೆನಪಾಗುವುದು ಡೆಂಗಿ, ಅದು ಸಹಜವೂ ಹೌದು. ಎರಡನೆಯ ತೊಡಕು ಪಠ್ಯಪುಸ್ತಕಗಳದು. ಬಿಸಿಲಿಗೆ ಸುಟ್ಟಂಥ ಕೆಂಪು ಎಂದು ಅವು ಬಣ್ಣಿಸುವುದು ಬಿಳಿಯ ತೊಗಲನ್ನು ಕಣ್ಮುಂದಿಟ್ಟುಕೊಂಡು. ಬಯಲುಸೀಮೆಯ ಎಣ್ಣೆಗಪ್ಪು ಮೈಯಲ್ಲಿ ಆ ಕೆಂಪನ್ನು ಹುಡುಕುತ್ತ ಕುಳಿತರೆ ಹೊತ್ತು ಮೀರುತ್ತದೆ. ಕಣ್ಣಿನ ಬಿಳಿಭಾಗ, ತುಟಿ, ನಾಲಿಗೆ, ಅಂಗೈ, ಅಂಗಾಲುಗಳನ್ನು ನೋಡಬೇಕು. ಅಂಗೈ ಅಂಗಾಲಿನ ತೊಗಲು ಸುಲಿಯುವುದು ಈ ರೋಗದ ಮುಖ್ಯ ಗುರುತೆಂಬುದು ನಿಜ, ಆದರೆ ಅದು ಕಾಣುವುದು ಒಂದೆರಡು ವಾರಗಳ ನಂತರ, ರೋಗಿ ಬದುಕಿ ಉಳಿದಿದ್ದರೆ.

ಚಿಕಿತ್ಸೆ ಇದೆ, ಅದು ಮನೆಯಲ್ಲಿ ಆಗುವಂಥದಲ್ಲ. ಒಳಗಿರುವ ಟ್ಯಾಂಪನ್, ಕಪ್, ಗಾಜ್ ಯಾವುದಿದ್ದರೂ ತಕ್ಷಣ ಹೊರತೆಗೆಯಬೇಕು, ಗಾಯವನ್ನು ತೆರೆದು ತೊಳೆಯಬೇಕು, ರಕ್ತನಾಳದ ಮೂಲಕ ಹೇರಳವಾಗಿ ದ್ರವ ಕೊಡಬೇಕು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಆ್ಯಂಟಿಬಯೋಟಿಕ್‌ನ ಜೊತೆಗೆ ಕ್ಲಿಂಡಾಮೈಸಿನ್ ಕೊಡುವುದು ಏಕೆಂದರೆ, ಅದು ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುವುದರಿಂದ ಹೊಸದಾಗಿ ವಿಷ ಹುಟ್ಟುವುದು ನಿಲ್ಲುತ್ತದೆ. ಸಮಯಕ್ಕೆ ಇಷ್ಟು ನಡೆದರೆ ಮುಟ್ಟಿನ ಸಂಬಂಧದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಜನ ಬದುಕುತ್ತಾರೆ.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜ್ವರದೊಡನೆ ರಕ್ತದೊತ್ತಡ ಇಳಿದು ಬಂದ ಪ್ರತಿಯೊಬ್ಬರಿಗೂ, ಡೆಂಗಿ ಪರೀಕ್ಷೆಗೆ ರಕ್ತ ತೆಗೆಯುವಾಗಲೇ ಕೆಲವು ಪ್ರಶ್ನೆಗಳನ್ನು ಕೇಳುವ ಪದ್ಧತಿ ಬರಲಿ: ಮೈಮೇಲೆ ಎಲ್ಲಿಯಾದರೂ ಗಾಯ, ಸುಟ್ಟದ್ದು, ಹೊಲಿಗೆ ಇದೆಯೇ, ಇತ್ತೀಚೆಗೆ ಹೆರಿಗೆ ಅಥವಾ ಗರ್ಭಪಾತ ಆಗಿದೆಯೇ, ಈಗ ಮುಟ್ಟಾಗಿದ್ದಾರೆಯೇ, ಒಳಗೆ ಏನನ್ನಾದರೂ ಇಟ್ಟುಕೊಂಡಿದ್ದಾರೆಯೇ. ಕೊನೆಯ ಎರಡನ್ನು ಗಂಡಸು ವೈದ್ಯರು ಕೇಳಲು ಸಂಕೋಚಪಡುತ್ತಾರೆ, ಕೇಳಿದರೂ ಅತ್ತೆ ಪಕ್ಕದಲ್ಲಿ ನಿಂತಿರುವಾಗ ಸೊಸೆ ಬಾಯಿ ಬಿಡುವುದಿಲ್ಲ. ಅದೇ ಸಿಸ್ಟರ್ ಒಬ್ಬರು ಪರದೆಯ ಹಿಂದೆ ಕರೆದುಕೊಂಡು ಹೋಗಿ ‘ಯವ್ವಾ, ಹೊರಗಾಗಿ ಎಷ್ಟ್ ದಿವಸ ಆತು?’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಸರಕಾರವು ‘ಶುಚಿ’ ಯೋಜನೆಯಡಿ ಪ್ಯಾಡ್ ಹಂಚುತ್ತಿದೆ, ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಕಪ್ ಹಂಚುವ ಪ್ರಯೋಗವನ್ನೂ ಮಾಡಿದೆ. ಅದು ನಮ್ಮ ಜಿಲ್ಲೆಗಳಿಗೂ ಬಂದಾಗ ಪ್ರತಿ ಕಪ್‌ನ ಜೊತೆಗೆ ಕನ್ನಡದಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಎಷ್ಟು ತಾಸಿಗೊಮ್ಮೆ ತೆಗೆಯಬೇಕು ಎಂಬುದೂ, ಮುಟ್ಟಿನ ದಿನಗಳಲ್ಲಿ ಒಮ್ಮೆಲೇ ಜ್ವರ, ವಾಂತಿಭೇದಿ, ತಲೆಸುತ್ತು ಬಂದರೆ ಕಪ್ ತೆಗೆದು ಆಸ್ಪತ್ರೆಗೆ ಹೋಗಿ ಕಪ್ ಬಳಸಿದ್ದನ್ನು ತಿಳಿಸಬೇಕು ಎಂಬುದೂ ದಪ್ಪ ಅಕ್ಷರಗಳಲ್ಲಿ ಇರಲಿ. ತಮ್ಮ ಪತ್ರಿಕೆಯೂ ಈ ರೋಗದ ಬಗ್ಗೆ ಮುಂದೆ ಬರೆಯುವಾಗ ಪ್ಯಾಡಿನ ಚಿತ್ರದ ಪಕ್ಕದಲ್ಲಿ ಸುಟ್ಟ ಗಾಯದ ಮಗುವಿನ ಬಗ್ಗೆಯೂ ನಾಲ್ಕು ಸಾಲು ಸೇರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕಿ,
ಸಾಧನಕೇರಿ, ಧಾರವಾಡ